ಅತ್ತೆಯ ಪುರಾಣ, ನನ್ನ ಪಾಟಿ

ಗೋಕಾಕದ ನಮ್ಮ ಮನೆಯಲ್ಲಿ, ಟಿ.ವಿ. ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಒಂದು ದೊಡ್ಡ ಪಾಟಿ ನಿಂತಿರುತ್ತದೆ. ಅದನ್ನು ನಿಲ್ಲಿಸಿಡುವುದಕ್ಕೆ ಕಾರಣವಿದೆ. ಟೇಬಲ್ಲಿನ ಮೇಲೆ ಮಲಗಿಸಿದರೆ ಬಂದವರು ಅದರ ಮೇಲೆ ಚಹಾದ ಕಪ್ಪು ಇಡುತ್ತಾರೆ. ತಪ್ಪು ಅವರದಲ್ಲ. ಅದರ ಅಗಲ, ದಪ್ಪ, ಬೂದು ಬಣ್ಣ ಎಲ್ಲವೂ ಚಹಾ ತರುವ ತಟ್ಟೆಯ ಹಾಗೆಯೇ ಇದೆ. ಒಮ್ಮೆ ನಮ್ಮವರ ಗೆಳೆಯರೊಬ್ಬರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಚುರುಮುರಿಯ ಬಟ್ಟಲಿಟ್ಟು, ಇಡೀ ಕ್ರಿಕೆಟ್ ಮ್ಯಾಚು ನೋಡಿ ಮುಗಿಸಿದರು. ಏಳುವಾಗ, "ತಾಟ ಛಲೋ ಐತ್ರಿ ವೈನಿ, ಹಗೂರ ಐತಿ. ಎಲ್ಲಿ ತಗೊಂಡ್ರಿ?" ಎಂದರು. ಹುಕ್ಕೇರಿಯಿಂದ ಬಂತು ಎಂದೆ. ಅದು ಸುಳ್ಳೇನಲ್ಲ.

ಈ ಪಾಟಿಗೆ ಅಂಗಡಿಯವರು ಇಟ್ಟ ಹೆಸರು ಇ-ಪೇಪರ್ ಟ್ಯಾಬ್ಲೆಟ್. ಇದರಲ್ಲಿ ಓದಬಹುದು, ಬರೆಯಬಹುದು. ಮೊಬೈಲಿನ ಹಾಗೆ ಥಳಥಳ ಹೊಳೆಯುವುದಿಲ್ಲ. ಬಣ್ಣವಿಲ್ಲ, ಹಾಡಿಲ್ಲ, ಇದರೊಳಗಿಂದ ಯಾರೂ ನಮಗೆ ಫೋನು ಮಾಡುವುದಿಲ್ಲ. ಕತ್ತಲೆಯಲ್ಲಿ ಹಿಡಿದರೆ ಕಲ್ಲಿನಷ್ಟೇ ಕತ್ತಲೆ. ಬೆಳಕು ಬೇಕೆಂದರೆ ಪುಸ್ತಕ ಹಿಡಿದುಕೊಂಡು ಹೋದ ಹಾಗೆ ಕಿಟಕಿಯ ಹತ್ತಿರ ಹೋಗಬೇಕು. ಹಾಳೆ ತಿರುವಿದಾಗ ಒಂದು ಕ್ಷಣ ಇಡೀ ಮೈ ಕಪ್ಪಾಗಿ, ಮತ್ತೆ ಬೆಳ್ಳಗಾಗಿ, ಆಮೇಲಷ್ಟೇ ಅಕ್ಷರ ತೋರಿಸುತ್ತದೆ. ಬಾಜೂ ಮನೆಯ ಹಸೀನಾ ಇದನ್ನು ಮೊದಲ ಸಲ ನೋಡಿದಾಗ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ, ಕೆಟ್ಟ ಹೋತಲ್ಲ ನಿಂದು!"

"ಕೆಟ್ಟಿಲ್ಲವಾ, ವಿಚಾರ ಮಾಡಾಕತ್ತೈತಿ," ಎಂದೆ.

"ಹಾಳಿ ಹೊಳ್ಳಸಾಕ ಇಷ್ಟ ವಿಚಾರ ಮಾಡೂದಾದ್ರ ನಮ್ಮ ಮನಿಯವ್ರ ಸಾಕಲ್ಲ."

ಹಸೀನಾ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಾಳೆ. ಅವಳಿಗೂ ನನಗೂ ಒಂದೇ ವಯಸ್ಸು, ಒಂದೇ ಸೊಂಟನೋವು. ನಡುವಿನ ಗೋಡೆಯೂ ಒಂದೇ ಆದ್ದರಿಂದ ನನ್ನ ಮನೆಯ ಒಗ್ಗರಣೆಗೆ ಅವಳು ಸೀನುತ್ತಾಳೆ.

ಹುಕ್ಕೇರಿ ನನ್ನ ತವರು. ಅಲ್ಲಿ ನನ್ನಣ್ಣ ವಕೀಲ. ಕಾಗದದ ಕಟ್ಟುಗಳನ್ನು ಹೊತ್ತು ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿದೆ. ಯಾರೋ ಹೇಳಿದರೆಂದು ಈ ಪಾಟಿ ತರಿಸಿ, ಎಲ್ಲ ಕೇಸುಗಳ ಕಾಗದವನ್ನೂ ಅದರೊಳಗೆ ತುಂಬಿದ. ಪುಟ್ಟ ಚೀಲದಲ್ಲಿ ಅದೊಂದನ್ನೇ ಹಾಕಿಕೊಂಡು, ಬೀಗರ ಮನೆಗೆ ಊಟಕ್ಕೆ ಹೊರಟವನ ಹಾಗೆ ಕೋರ್ಟಿಗೆ ಹೋಗತೊಡಗಿದ. ಆಗ ಕಣಗಲಾದ ಕಡೆಯ ಹಿರಿಯ ಕಕ್ಷಿದಾರರೊಬ್ಬರು ಮನೆಗೆ ಬಂದರು.

"ವಕೀಲರ, ನಮ್ಮ ಕಾಗದ ಎಲ್ಲಿ ಅದಾವ್ರಿ?"

"ಇದರಾಗ ಅದಾವ್ರಿ, ಕಾಕಾ."

"ನಮ್ಮವ? ಎಲ್ಲಾ?"

"ನಿಮ್ಮವೂ ಅದಾವು, ಮಂದೀವೂ ಅದಾವು."

ಹಿರಿಯರು ಪಾಟಿಯನ್ನು ಬೋರಲು ಹಾಕಿ ಹಿಂಬದಿ ನೋಡಿದರು. ಅಲ್ಲೂ ಏನೂ ಇರಲಿಲ್ಲ. "ಎದುರಿನವರ ವಕೀಲರ ಕಟ್ಟ ಮೊಣಕಾಲ ಮಟಾ ಐತ್ರಿ. ಕೆಂಪ ದಾರಾ ಹಾಕಿ ಬಿಗದಾರ. ನೀವು ಈ ತಾಟ ಹಿಡಕೊಂಡು ನಿಂತ್ರ ಜಜ್ ಸಾಹೇಬ್ರು ಏನ ತಿಳಕೊಂಡಾರು? ಇಂವಾ ಪ್ರಸಾದ ಹಂಚಾಕ ಬಂದಾನ ಅಂದಾರು."

ಒಬ್ಬರಾದ ಮೇಲೆ ಒಬ್ಬರು ಹೀಗೇ ಅಂದರು. ಅಣ್ಣ ಮತ್ತೆ ಕಟ್ಟು ಹೊತ್ತ. ನಾನು ತವರಿಗೆ ಹೋದಾಗ ಪಾಟಿಯನ್ನು ಒರೆಸಿ ನನ್ನ ಕೈಗಿಟ್ಟ. "ತಗೋವಾ ಸುವರ್ಣಾ, ನೀನರ ಬರಕೋ. ಸಣ್ಣಾಕಿದ್ದಾಗಿಂದ ಬರ್ಯಾಕ ಸಾಯ್ತಿ."

ಬರೆಯುವುದಕ್ಕೆ ಸಾಯುತ್ತಿದ್ದೆ ಎನ್ನುವುದು ಪೂರ್ತಿ ಸರಿಯಲ್ಲ. ಹುಕ್ಕೇರಿಯ ಕನ್ನಡ ಸಾಲೆಯಲ್ಲಿ ನಾನು ಬಳಪಕ್ಕೆ ಸಾಯುತ್ತಿದ್ದೆ. ಅರ್ಧ ಬಳಪ ಬರೆಯಲು, ಉಳಿದರ್ಧ ತಿನ್ನಲು. ಹೊಸ ಬಳಪದ ತುದಿ ಹಲ್ಲಿಗೆ ಸಿಕ್ಕಾಗ ಮಣ್ಣಿನ ತಣ್ಣನೆಯ ರುಚಿ ಬಾಯಿಗೆ ಬರುತ್ತದಲ್ಲ, ನಿಮಗೂ ಗೊತ್ತಿರಬೇಕು. ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಪಾಟಿ ಒರೆಸಲು ಒದ್ದೆ ಅರಿವೆ ತರಬೇಕೆಂದು ಅಕ್ಕೋರು ಹೇಳುತ್ತಿದ್ದರು. ಅರಿವೆ ತರುತ್ತಿದ್ದೆವು, ಚೀಲದಲ್ಲಿಯೇ ಇಡುತ್ತಿದ್ದೆವು. ಒರೆಸುವ ಕೆಲಸವನ್ನು ಉಗುಳು ಮತ್ತು ಅಂಗೈ ಕೂಡಿ ಮುಗಿಸುತ್ತಿದ್ದವು. ಆಮೇಲೆ ಒಣಗಿಸಲೆಂದು ಇಡೀ ವರ್ಗ ಪಾಟಿಗಳನ್ನು ಗಾಳಿಯಲ್ಲಿ ಬೀಸುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಸಾಲೆ ರೆಕ್ಕೆ ಬಡಿಯುತ್ತಿದೆ ಅನ್ನಿಸಿರಬೇಕು. ಈಗಿನ ಪಾಟಿಗೂ ಒಂದು ಪೆನ್ನಿದೆ. ವಿಚಾರ ಮಾಡುವಾಗ ಅದು ತಾನಾಗಿಯೇ ನನ್ನ ಬಾಯಿಗೆ ಹೋಗುತ್ತದೆ. ರುಚಿಯೇನೂ ಇಲ್ಲ.

ನನ್ನ ಬರವಣಿಗೆ ಎಂಥದೆಂದು ಹೇಳಿಬಿಡುತ್ತೇನೆ, ನೀವು ದೊಡ್ಡದಾಗಿ ಏನೇನೋ ಊಹಿಸಿಕೊಳ್ಳಬಾರದು. ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿಗೆ ಉಪ್ಪು ಬೆರೆಸಿದ ದಿನ, ಬೆಕ್ಕು ಮರಿ ಹಾಕಿದ್ದು, ಮೊದಲ ಮಳೆ ಬಂದಾಗ ಯಾರ ಹಪ್ಪಳ ನೆಂದವು, ಯಾವ ಮದುವೆಯಲ್ಲಿ ಯಾವ ಸೀರೆ ಉಟ್ಟಿದ್ದೆ (ಅದೇ ಮಂದಿಯ ಮುಂದೆ ಅದನ್ನೇ ಮತ್ತೆ ಉಡಬಾರದಲ್ಲ), ಇಂಥವು. ಮೊದಲು ಇವನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ವರ್ಷದ ಕೊನೆಗೆ ಅಮಾವಾಸ್ಯೆ ಯಾವತ್ತೆಂದು ಹುಡುಕಿದರೆ, ಅದರ ಮೇಲೆ ಹಿಟ್ಟಿನ ಗಿರಣಿಯವನ ರಜೆ ಕೂತಿರುತ್ತಿತ್ತು. ಕ್ಯಾಲೆಂಡರ್ ಕೆಳಗಿಳಿಸುವಾಗ ನಮ್ಮವರು, "ಜೋಪಾನ ಇಡು, ನಾಳೆ ನಮ್ಮ ಮನಿ ಇತಿಹಾಸ ಬರ್ಯಾಕ ಯಾರರ ಬಂದಾರು," ಎಂದು ನಗುತ್ತಿದ್ದರು.

ಪಾಟಿ ಬಂದ ಮೇಲೆ ಈ ಇತಿಹಾಸವೆಲ್ಲ ಅದರೊಳಕ್ಕೆ ಹೋಯಿತು. ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ವಹಿ ಮಾಡಿಕೊಳ್ಳಲು ಅದರಲ್ಲಿ ದಾರಿ ಇದೆಯಂತೆ. ಅಣ್ಣ ತೋರಿಸಿದ್ದ, ನಾನು ತಲೆಯಾಡಿಸಿದ್ದೆ. ಮನೆಗೆ ಬಂದಾಗ ನೆನಪಿದ್ದದ್ದು ಒಂದೇ: ಮೂಲೆಯಲ್ಲಿರುವ ಕೂಡಿಸುವ ಗುರುತು ಒತ್ತಿದರೆ, ನಾವು ಯಾವ ಹಾಳೆಯ ಮೇಲೆ ಇದ್ದೇವೋ ಅದರ ಬೆನ್ನಿಗೆ ಹೊಸ ಹಾಳೆಯೊಂದು ಬರುತ್ತದೆ. ಹೀಗಾಗಿ ನನ್ನ ಎಲ್ಲ ಸಂಸಾರವೂ ಒಂದೇ ವಹಿಯಲ್ಲಿದೆ. ಅದು ಈ ಕಥೆಗೆ ಬೇಕಾಗುತ್ತದೆ.

ಇನ್ನು ನನ್ನ ಅತ್ತೆ, ಗಂಗವ್ವ. ನಮ್ಮ ಓಣಿಯಲ್ಲಿ ಶ್ರಾವಣ ಬಂತೆಂದರೆ ಶರಣರ ಪುರಾಣ ಓದುವವರು ಅತ್ತೆಯೇ. ನನ್ನ ನಾದಿನಿಯನ್ನು ಮೂಡಲಗಿಗೆ ಕೊಟ್ಟ ಮೇಲೆ ಆ ಊರಲ್ಲಿಯೂ ಅವರ ದನಿ ಹೆಸರಾಯಿತು. ಆ ಮನೆಯಲ್ಲಿ ಪ್ರತಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಾರೆ. ನಾದಿನಿಯ ಅತ್ತೆ ನೀಲವ್ವನವರು ದಿನವೂ ಓದುತ್ತಾರೆ, ಅವರ ಯಜಮಾನರಾದ ನಿವೃತ್ತ ಮಾಸ್ತರರು ಸಾಲು ಸಾಲಿಗೆ ಅರ್ಥ ಹೇಳುತ್ತಾರೆ. ಪುರಾಣ ಮುಗಿಸುವ ದಿನ ಮಾತ್ರ ಕಡೆಯ ಅಧ್ಯಾಯವನ್ನು ಬೀಗರ ಕಡೆಯ ಹಿರಿಯಳೇ ಓದಬೇಕು ಎನ್ನುವುದು ಆ ಮನೆಯ ರೂಢಿ. ಅಂದರೆ ನಮ್ಮ ಅತ್ತೆ.

ಕೆಲವು ವರ್ಷಗಳಿಂದ ಅತ್ತೆಗೆ ಕಣ್ಣು ಮಂಜಾಗಿದೆ. ಕಣ್ಣಿನ ಪರದೆಯ ನಡುಭಾಗ ಸವೆದಿದೆ, ಚಷ್ಮಾ ಬದಲಿಸಿ ಉಪಯೋಗವಿಲ್ಲ, ಅಕ್ಷರ ದೊಡ್ಡವಿದ್ದರೆ ಕಂಡಾವು ಎಂದು ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರೆ ಅದರ ಬೆಳಕಿಗೆ ನೀರು ಸುರಿಯುತ್ತಿತ್ತು. ಆದರೂ ಮೂಡಲಗಿಗೆ ಹೋಗುತ್ತಿದ್ದರು, ಓದುತ್ತಿದ್ದರು. ಕಡೆಯ ಅಧ್ಯಾಯ ಅವರಿಗೆ ಅನ್ನ ಕಲಸಿದಷ್ಟು ಸಲೀಸು, ನೋಡಬೇಕೆಂದೇ ಇರಲಿಲ್ಲ. ಕಳೆದ ಶ್ರಾವಣದಲ್ಲಿ ನೀಲವ್ವನವರ ಹಳೆಯ ಪುಸ್ತಕದ ಎರಡು ಹಾಳೆ ದೀಪದೆಣ್ಣೆಗೆ ಅಂಟಿಕೊಂಡಿದ್ದವು. ಅತ್ತೆ ಎರಡನ್ನೂ ಕೂಡಿಯೇ ತಿರುವಿದರು. ತಿರುವಿದ್ದು ಎರಡು, ಪುರಾಣ ಮಾತ್ರ ಒಂದಕ್ಷರ ತಪ್ಪದೆ ಸಾಗಿತು. ನೀಲವ್ವನವರ ಕಣ್ಣು ಅದರ ಮೇಲೆಯೇ ಇತ್ತು.

ಅವತ್ತಿನಿಂದ ಮೂಡಲಗಿಯಲ್ಲಿ ಒಂದು ಮಾತು ಹುಟ್ಟಿತು. ಗಂಗವ್ವ ಓದೂದಿಲ್ಲ, ಬಾಯಿಪಾಠ ಒಪ್ಪಸ್ತಾಳ. ಈ ವರ್ಷ ಶ್ರಾವಣಕ್ಕೆ ಮೊದಲು ನೀಲವ್ವನವರೇ ಫೋನು ಮಾಡಿದರು. ನಮ್ಮ ಮೊಬೈಲಿನ ಸ್ಪೀಕರ್ ಹಾಕಿಯೇ ಇರುತ್ತದೆ, ಅತ್ತೆ ಕೇಳುತ್ತಲೇ ಕುಳಿತಿದ್ದರು.

"ಸುವರ್ಣಾ, ಕಡೀ ಅಧ್ಯಾಯ ಈ ಸಲ ನಾನ ಓದ್ತೇನವಾ. ಬೀಗತ್ಯಾರು ಆರಾಮ ಕುಂತ ಕೇಳ್ಲಿ. ಪುರಾಣ ಓದೂದು ಬ್ಯಾರೆ, ಒಪ್ಪಸೂದು ಬ್ಯಾರೆ. ಒಪ್ಪಸಾಕ ಸಾಲಿ ಹುಡುಗೋರ ಸಾಕಲ್ಲ."

ಅತ್ತೆ ಆ ಮಧ್ಯಾಹ್ನ ರೊಟ್ಟಿಗೆ ಶೇಂಗಾ ಹಿಂಡಿ ಬೇಡ ಎಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇರಲಾರದು. ತಾಟನ್ನು ಆಚೆ ಸರಿಸಿ ಹೇಳಿದರು, "ಕಣ್ಣ ಹೋದ್ರ ಹೋಗ್ಲಿ ಬಿಡು. ಸುಳ್ಳ ಓದ್ತಾಳ ಅನ್ನಸ್ಕೊಂಡು ಹೆಂಗ ಇರ್ಲಿ?"

ಆಗ ನನಗೆ ಪಾಟಿ ನೆನಪಾಯಿತು.

ಮೊದಲು ಅಧ್ಯಾಯದ ಹಾಳೆಗಳ ಫೋಟೋ ಹಿಡಿದು ಪಾಟಿಯೊಳಗೆ ಹಾಕಿದೆ. ದೊಡ್ಡದು ಮಾಡಿದರೆ ಅಕ್ಷರ ಕಂಡವು, ಆದರೆ ಸಾಲು ಅಂಚಿನಾಚೆ ಓಡಿಹೋಯಿತು. ಎಳೆದು ತಂದರೆ ಈಚೆಯದು ಓಡಿತು. "ಆಕಳ ಕರಾ ಬಿಟ್ಟಂಗ ಆಗೇತಲ್ಲ ಇದು," ಎಂದು ಅತ್ತೆ ಕೈಬಿಟ್ಟರು. ಕಡೆಗೆ ನಾನೇ ಪೆನ್ನನ್ನು ಎಲ್ಲಕ್ಕಿಂತ ದಪ್ಪಗೆ ಮಾಡಿ, ಒಂದು ಹಾಳೆಗೆ ನಾಲ್ಕೇ ಸಾಲಿನಂತೆ, ಬೆಲ್ಲದ ಹೆಂಟೆಯಷ್ಟು ದೊಡ್ಡ ಅಕ್ಷರದಲ್ಲಿ ಇಡೀ ಅಧ್ಯಾಯ ಬರೆಯಲು ಕುಳಿತೆ. ಅಡುಗೆಯಾದ ಮೇಲೆ, ಪಾತ್ರೆ ತೊಳೆಯುವ ಮೊದಲು, ಹೀಗೆ ಸಿಕ್ಕಷ್ಟು ಹೊತ್ತು. ನಡುವೆ ಹಾಲಿನವ ಕೂಗಿದರೆ, ಏನಾದರೂ ನೆನಪಾದರೆ, ಕೂಡಿಸುವ ಗುರುತು ಒತ್ತಿ ಅಲ್ಲಿಯೇ ಬರೆದುಕೊಳ್ಳುತ್ತಿದ್ದೆ. ಸಂಜೆ ಕುಳಿತು, ಶರಣರ ನಡುವೆ ಬಂದು ನಿಂತ ಹಾಲು ಮೊಸರಿನ ಹಾಳೆಗಳನ್ನು ತೆಗೆದುಹಾಕುತ್ತಿದ್ದೆ. ಅಕ್ಕಿ ಆರಿಸಿದ ಹಾಗೆ.

ಅತ್ತೆ ಕಿಟಕಿಗೆ ಬೆನ್ನು ಕೊಟ್ಟು ಕುಳಿತು, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಹಾಳೆ ನೋಡಿದರು. ಬಹಳ ಹೊತ್ತು ನೋಡಿದರು.

"ಕಾಣಸ್ತಾವ್ರಿ?"

"ಕಾಣಸ್ತಾವು. ನಿನ್ನ ಅಕ್ಷರಕ್ಕ ಹೊಟ್ಟಿ ಭಾಳ ಬಂದೈತಿ."

ಇದು ಶಹಬ್ಬಾಸ್‌ಗಿರಿ ಎಂದು ನಾನು ತಿಳಿದುಕೊಂಡೆ.

ಆದರೆ ಹಾಳೆ ತಿರುವುವುದು ಆಗಲಿಲ್ಲ. ಅತ್ತೆಗೆ ಬೆರಳನ್ನು ನಾಲಗೆಗೆ ಒತ್ತಿ ತಿರುವುವ ರೂಢಿ. ಒದ್ದೆ ಬೆರಳು ತಾಗಿದರೆ ಈ ಪಾಟಿಗೆ ಏನಾಗುತ್ತದೋ, ಒಮ್ಮೆ ಅಲುಗುವುದೇ ಇಲ್ಲ, ಒಮ್ಮೆ ಮೂರು ಹಾಳೆ ಹಾರುತ್ತದೆ. ನಾಲಗೆ ಮುಟ್ಟಬೇಡಿ ಎಂದರೆ ಹೂಂ ಎನ್ನುತ್ತಿದ್ದರು, ಮುಟ್ಟುತ್ತಿದ್ದರು. ಕುಪ್ಪಸದ ಅಳತೆಗೆಂದು ಬಂದಿದ್ದ ಹಸೀನಾ ಇದನ್ನು ನೋಡುತ್ತ ನಿಂತಳು.

"ಅಮ್ಮಾ, ಬೆರಳಿಗೆ ಪೌಡರ್ ಹಚ್ಕೋರಿ. ಕೇರಂ ಆಡೂವಾಗ ಹಚ್ತಾರಲ್ಲ, ಹಂಗ."

"ಪುರಾಣಕ್ಕ ಪೌಡರ್ ಏನ ಹಚ್ಲಿ, ನಾ ಏನ ಲಗ್ನಕ್ಕ ಹೊಂಟೇನಿ? ಈಬತ್ತಿ ಐತಲ್ಲ."

ವಿಭೂತಿಯ ಉಂಡೆಗೆ ಬೆರಳು ಒತ್ತಿ, ಹಾಳೆ ಸರಿಸಿದರು. ಪಾಟಿ ಕಪ್ಪಾಯಿತು, ಬೆಳ್ಳಗಾಯಿತು, ಮುಂದಿನ ಹಾಳೆ ತೋರಿಸಿತು. ವಿಭೂತಿಯ ರುಚಿ ಬೇಡವೆಂದೋ ಏನೋ, ಬೆರಳು ಮತ್ತೆ ನಾಲಗೆಯ ಕಡೆ ಹೋಗಲಿಲ್ಲ. ಹಸೀನಾ ಬಾಗಿಲಿಗೆ ಒರಗಿ, "ನಿಮ್ಮ ದೇವ್ರಿಗೂ ಈ ಪಾಟಿಗೂ ಜೋಡಿ ಜಮಾಸ್ತು ನೋಡ್ರಿ," ಎಂದು ನಕ್ಕಳು.

ಅತ್ತೆ ನೋಡಿಯೇ ಓದುತ್ತಾರೆ, ಈ ಸಲವೂ ಅವರಿಗೇ ಬಿಡಿ ಎಂದು ನೀಲವ್ವನವರಿಗೆ ಫೋನು ಮಾಡಿದೆ, ನೋಡೂಣಂತ ಬಾ ಎಂದರು. ಮೂಡಲಗಿಗೆ ಹೋಗುವ ಹಿಂದಿನ ದಿನ ನಾನು ಪಾಟಿ ಚಾರ್ಜಿಗೆ ಹಾಕಿದೆ. ಕಡೆಯ ಸಲ ಅಧ್ಯಾಯವನ್ನೆಲ್ಲ ತಿರುವಿ ನೋಡಿದೆ. ಆಮೇಲೆ ಸೀರೆ, ಹೂವು, ಕರದಂಟಿನ ಡಬ್ಬಿ, ಅತ್ತೆಯ ಮೊಣಕಾಲಿನ ಎಣ್ಣೆ ಎಂದು ಚೀಲ ತುಂಬುವುದರಲ್ಲಿ ಬಿದ್ದೆ. ಇಷ್ಟೇ ನನಗೆ ನೆನಪಿದೆ.

ನೀಲವ್ವನವರ ನಡುಮನೆ ಆ ಮಧ್ಯಾಹ್ನ ಹೆಂಗಸರಿಂದ ತುಂಬಿತ್ತು. ಪುಸ್ತಕ ಇಡುವ ಮರದ ಪೀಠದ ಮೇಲೆ ನಾನು ಪಾಟಿಯಿಟ್ಟೆ. ನೀಲವ್ವನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು.

"ಪೋಥಿ ಎಲ್ಲಿ?"

"ಇದ ಪೋಥಿರಿ. ಅತ್ತಿಯವರಿಗೆ ಕಾಣೂಹಂಗ ದೊಡ್ಡ ಅಕ್ಷರ ಬರದೇನಿ."

"ಪುರಾಣಕ್ಕೂ ಕರೆಂಟ್ ಹಚ್ಚಬೇಕೇನವಾ ಈಗ?"

"ಊರಿಂದನ ಹಚ್ಕೊಂಡ ಬಂದೇವ್ರಿ."

ಹೆಂಗಸರು ಸೆರಗಿನೊಳಗೆ ನಕ್ಕರು. ನೀಲವ್ವನವರು ನಗಲಿಲ್ಲ. ಪಕ್ಕದವರ ಕಿವಿಗೆ ಹೇಳಿದಂತೆ, ಆದರೆ ಎಲ್ಲರಿಗೂ ಕೇಳಿಸುವಂತೆ ಅಂದರು, "ಪೋಥಿ ಮುಂದ ಇಟ್ಕೊಂಡು ಒಪ್ಪಸೂದು, ಪಾಟಿ ಮುಂದ ಇಟ್ಕೊಂಡು ಒಪ್ಪಸೂದು, ಎರಡೂ ಒಂದ ಅಲ್ಲೇನ್ರಿ?"

ಅತ್ತೆಗೆ ಕೇಳಿಸಿತು. ಅವರು ಸೆರಗು ಸರಿಮಾಡಿಕೊಂಡು, ಬೆರಳಿಗೆ ವಿಭೂತಿ ಒತ್ತಿಕೊಂಡು ಕುಳಿತರು. ಯಾರೋ ಪಾಟಿಯ ಮೇಲೆ ಹೂವಿಡಲು ಬಂದರು. ನಾನು ಅವನ್ನು ಹೇಗೋ ಪೀಠದ ಅಂಚಿಗೆ ಸರಿಸಿದೆ. ಮಾಸ್ತರರು ಗಂಟಲು ಸರಿಮಾಡಿಕೊಂಡು, ಪುರಾಣ ಮುಗಿಯುವ ತನಕ ಯಾರೂ ಏಳಬಾರದು, ಎದ್ದರೆ ಓದಿದ್ದರ ಫಲ ಅರ್ಧ ಹೋಗುತ್ತದೆ ಎಂದು ಎಚ್ಚರಿಸಿದರು. ಪುರಾಣ ಸುರುವಾಯಿತು.

ಅತ್ತೆ ರಾಗ ಎತ್ತಿದರೆ ಬೇರೆಯೇ ಹೆಂಗಸು. ಮೊಣಕಾಲು ನೋವಿಲ್ಲ, ಮಂಜುಗಣ್ಣಿಲ್ಲ. ಒಂದು ಸಾಲು ಅತ್ತೆಯ ರಾಗ, ಅದರ ಬೆನ್ನಿಗೆ ಮಾಸ್ತರರ ಅರ್ಥ. ಮಾಸ್ತರರು ಕಣ್ಣು ಮುಚ್ಚಿಯೇ ಅರ್ಥ ಹೇಳುತ್ತಾರೆ. ಅಷ್ಟು ವರ್ಷದ ರೂಢಿ. ಹಾಳೆ ಕಪ್ಪಾಗುತ್ತ, ಬೆಳ್ಳಗಾಗುತ್ತ ಸರಿಯಿತು. ಶರಣರು ಸಂಸಾರ ಬಿಟ್ಟು ಕಡೆಯ ಪಯಣಕ್ಕೆ ಹೊರಟ ಜಾಗಕ್ಕೆ ಬಂದೆವು. ಹೆಂಗಸರ ಕಣ್ಣಲ್ಲಿ ನೀರು. ಅತ್ತೆ ಬೆರಳು ಸರಿಸಿ, ಪಾಟಿಯ ಮೇಲೆ ಬಾಗಿ, ಹೊಸ ಹಾಳೆಯ ಮೊದಲ ಸಾಲನ್ನು ಮೆಲ್ಲಗೆ ಎತ್ತಿದರು.

"ನಾಳೇ… ಹಾಲೂ… ಬೇಡಾ…"

ಅದು ಶರಣರ ಮಾತಲ್ಲ. ಹಿಂದಿನ ದಿನ ಚಾರ್ಜಿಗೆ ಹಾಕಿ ತಿರುವುತ್ತಿದ್ದಾಗ ನೆನಪಾಗಿ ಬರೆದುಕೊಂಡ ನನ್ನ ಹಾಳೆ. ತೆಗೆಯಲು ಮರೆತಿದ್ದೆ. ಅದೇ ದಪ್ಪ ಪೆನ್ನು, ಅವೇ ಹೊಟ್ಟೆ ಬಂದ ಅಕ್ಷರ, ನಾಲ್ಕೇ ಸಾಲು. ಏಳಲು ಹೋದೆ. ಮಾಸ್ತರರು ಮುಚ್ಚಿದ ಕಣ್ಣಿನಿಂದಲೇ ಕೈಯೆತ್ತಿ ನನ್ನನ್ನು ಕೂರಿಸಿದರು.

"ವೈರಾಗ್ಯ ನೋಡ್ರಿ ಶರಣರದು! ಅನ್ನ ಬಿಟ್ಟಿದ್ರು, ಬರೇ ಹಾಲಿನ ಮ್ಯಾಲ ಇದ್ರು. ಈಗ ಅಂತಾರ, ನಾಳಿಂದ ಅದೂ ಬ್ಯಾಡ."

"ಶಿವ ಶಿವಾ," ಎಂದರು ಹೆಂಗಸರು.

"ಹಿತ್ತಲ ಬಾಗಿಲಿಗೇ… ಕೀಲೀ…"

"ಮುಂದಿನ ಬಾಗಲಾ ಎಲ್ಲಾರೂ ಹಾಕ್ತಾರ. ಆದ್ರ ಮನಸಿನಾಗ ಆಶಾ ಹೊಕ್ಕೂದು ಎಲ್ಲಿಂದ? ಹಿತ್ತಲದಿಂದ! ಕೀಲಿ ಅಲ್ಲಿ ಹಾಕ್ರಿ ಅಂತಾರ ಶರಣರು."

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತಲೆಯಾಡಿಸುತ್ತ ಕಣ್ಣೊರೆಸಿಕೊಂಡರು. ಖರೆ ಹೇಳಬೇಕೆಂದರೆ, ಆ ಭಯದಲ್ಲಿಯೂ, ಇಷ್ಟು ಒಳ್ಳೆಯ ಮಾತು ನಾನು ಬರೆದಿದ್ದೆನೇ ಎಂದು ಒಂದು ಗಳಿಗೆ ನನಗೇ ಅನ್ನಿಸಿತು.

"ತುಂಬಿದಾ ಕೊಡಾ… ಮುಚ್ಚಿಡಬೇಕೂ…"

"ಕೊಡ ಅಂದ್ರ ಜ್ಞಾನ. ತುಂಬೇತಿ ಅಂತ ಮಂದಿ ಮುಂದ ತೆರದ ಇಟ್ರ ಏನ ಬೀಳ್ತೈತಿ? ಕಸಾ ಬೀಳ್ತೈತಿ."

ಅತ್ತೆಯ ದನಿಯಲ್ಲಿ ಒಂದು ಸಣ್ಣ ಅನುಮಾನ ಬಂದಿತ್ತು. ಆದರೆ ರಾಗ ನಿಲ್ಲಿಸಿ ರೂಢಿಯಿಲ್ಲ. ಪಾಟಿಗೆ ಮೂಗು ತಾಗುವಷ್ಟು ಬಾಗಿ, ಒಂದೊಂದೇ ಅಕ್ಷರ ಹಿಡಿದು ಎಳೆದರು.

"ಬೆಕ್ಕಿಗೇ… ಅನ್ನಾ… ಹಸೀನಾಗೇ… ಹೇಳಬೇಕೂ…"

ಮಾಸ್ತರರ ಕಣ್ಣು ತೆರೆದವು. ಆದರೂ ಮಾಸ್ತರಕಿ ಮಾಡಿದ ಜೀವ, ಗೊತ್ತಿಲ್ಲ ಅನ್ನಲಿಲ್ಲ. "ಅಂದ್ರ… ಸಕಲ ಪ್ರಾಣಿಗಳ ಮ್ಯಾಲ ದಯಾ ಇರಬೇಕು. ಬೆಕ್ಕೂ ಉಪವಾಸ ಇರಬಾರ್ದು. ಮತ್ತ ಹಸೀನಾ ಅಂದ್ರ… ಆ ಕಾಲದಾಗೂ ಶರಣರ ಕೂಡ ಎಲ್ಲಾ ಧರ್ಮದ ಮಂದಿ…"

"ನೀವ ಸ್ವಲ್ಪ ತಡೀರಿ," ಎಂದರು ನೀಲವ್ವನವರು ಯಜಮಾನರಿಗೆ. ನಂತರ ನನ್ನ ಕಡೆ ತಿರುಗಿದರು. "ಪುರಾಣದಾಗ ಹಸೀನಾ ಯಾರವಾ?"

ನಾನು ಸೆರಗು ಹಿಂಡುತ್ತ ಹೇಳಿದೆ, "ನಮ್ಮ ಬಾಜೂ ಮನಿಯಾಕಿರಿ. ಬೆಕ್ಕ ನಮ್ಮದ. ಅದು ನನ್ನ ಹಾಳಿರಿ, ತಪ್ಪಿ ನಡಕ ಉಳದೈತಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇಡೀ ನಡುಮನೆ ಒಡೆದು ಹೋಯಿತು. ಕಣ್ಣೊರೆಸಿಕೊಂಡಿದ್ದ ಅಜ್ಜಿಗೆ ಪಕ್ಕದವರು ತಿಳಿಸಿ ಹೇಳಬೇಕಾಯಿತು. ತಿಳಿದ ಮೇಲೆ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಮಾಸ್ತರರು ಹಣೆಯ ವಿಭೂತಿ ಅಳಿಸಿಹೋಗುವಷ್ಟು ಹಣೆ ಒರೆಸಿಕೊಂಡರು. ನಗದೆ ಉಳಿದವರು ಇಬ್ಬರೇ. ಅತ್ತೆ ಚಷ್ಮಾ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ್ದರು. ನೀಲವ್ವನವರು ಅತ್ತೆಯನ್ನೇ ನೋಡುತ್ತಿದ್ದರು.

"ಬೀಗತ್ಯಾರ, ಈ ಹಾಳಿ ನೀವು ಮೊದಲ ನೋಡಿದ್ರೇನು?"

"ಇಲ್ಲವಾ," ಎಂದರು ಅತ್ತೆ ತಲೆಯೆತ್ತದೆ. "ಮೊನ್ನಿ ಓದಿದಾಗ ಇದು ಇರಲಿಲ್ಲ."

"ಸುವರ್ಣಾ ಓದಿ ಹೇಳಿದ್ಲೇನು?"

"ಹೇಳಿದ್ರ ಓದ್ತಿದ್ನ್ಯಾ? ಮಂದ್ಯಾಗ ಮಾನ ಕಳ್ಕೊಳ್ಳಾಕ?"

ನೀಲವ್ವನವರು ಹೆಂಗಸರ ಕಡೆ ತಿರುಗಿದರು. ನಗು ಮೆಲ್ಲಗೆ ಇಳಿಯಿತು. "ಅಂದ್ರ ಓದ್ಯಾರ," ಎಂದರು. "ಬಾಯಿಪಾಠದಾಗ ಬೆಕ್ಕ ಎಲ್ಲಿಂದ ಬರಬೇಕು? ಕಣ್ಣೀಲೆ ನೋಡೇ ಓದ್ಯಾರ. ನಾ ಅಂದದ್ದ ತಪ್ಪ." ಅಷ್ಟು ಮಂದಿಯ ಮುಂದೆ ಅಷ್ಟನ್ನು ಅಂದು, ಎದ್ದು (ಪುರಾಣದ ನಡುವೆ ಏಳಬಾರದೆಂದು ಅವರಿಗೆ ಯಾರು ಹೇಳಬೇಕು) ದೀಪವನ್ನು ಪಾಟಿಯ ಹತ್ತಿರಕ್ಕೆ ಸರಿಸಿದರು. ಅತ್ತೆಯ ಮಡಿಲಿನ ಚಷ್ಮಾ ಎತ್ತಿ, ಸೆರಗಿನಿಂದ ಒರೆಸಿ ಕೊಟ್ಟರು. "ಹಾಕ್ಕೋರಿ. ಶರಣರು ದಾರ್ಯಾಗ ನಿಂತಾರ, ಮುಂದ ಕಳಸ್ರಿ."

ಅತ್ತೆ ಹಾಳೆ ಸರಿಸಿದರು. ಆ ಮೇಲಿನ ಓದು ಹೇಗಿತ್ತೆಂದು ನಾನು ಬರೆಯಲಾರೆ. ಮಂಗಳಾರತಿಯ ಹೊತ್ತಿಗೆ ಮಾಸ್ತರರು ಮಾತ್ರ ನನ್ನ ಹತ್ತಿರ ಬಂದು, "ಹಿತ್ತಲ ಬಾಗಲದ್ದು ಅರ್ಥ ಛಲೋ ಕೂತಿತ್ತಲ್ಲವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಭಾಳ ಛಲೋ ಕೂತಿತ್ತು ಎಂದೆ.

ಮರುದಿನ ಗೋಕಾಕದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಇನ್ನೊಂದು ಸಲ ಮಾನ ಹೋಗುವುದು ಬೇಡವೆಂದು ನಾನು ಚೀಲದಿಂದ ಪಾಟಿ ತೆಗೆದು, ಆ ಹಾಳೆಯನ್ನು ಹುಡುಕಿ, ಅಳಿಸಲು ಪೆನ್ನು ಎತ್ತಿದೆ. ಅತ್ತೆ ನನ್ನ ಕೈ ಹಿಡಿದರು.

"ಇರ್ಲಿ ಬಿಡು ಅದು."

"ಯಾಕ್ರಿ ಅತ್ತಿ? ಮುಂದಿನ ಶ್ರಾವಣದಾಗ ಮತ್ತ ಬೆಕ್ಕ ಬರೂದು ಬ್ಯಾಡ."

ಅತ್ತೆ ಕೈ ಬಿಡಲಿಲ್ಲ. "ಪುರಾಣದ ಹಾಳಿ ಕಣ್ಣಿಗೆ ಬೀಳೂದರಾಗನ ಬಾಯಿ ಮುಂದ ಓಡಿ ಹೋಗ್ತೈತೆ ಸುವರ್ಣಾ. ಕಣ್ಣ ಓದ್ತೋ, ಬಾಯಿ ಒಪ್ಪಸ್ತೋ, ನನಗ ತಿಳ್ಯಾಂಗಿಲ್ಲ. ನೀಲವ್ವ ಅಂದದ್ದೇನ ಪೂರಾ ಸುಳ್ಳಲ್ಲ. ಇದೊಂದ ನೋಡು, ನಾ ಖರೇನ ಓದಿದ್ದು."

ನಾನು ಪೆನ್ನು ಕೆಳಗಿಳಿಸಿದೆ. ಅತ್ತೆ ಪಾಟಿಯನ್ನು ತಮ್ಮ ತೊಡೆಗೆ ಎಳೆದುಕೊಂಡು, ಮೂಲೆಯ ಗುರುತನ್ನು ಬೆರಳಿಂದ ತಡವುತ್ತ ಕೇಳಿದರು, "ಇದನ್ನ ಒತ್ತಿದ್ರ ಹೊಸಾ ಹಾಳಿ ಬರ್ತೈತಲ್ಲ?"

"ಬರ್ತೈತ್ರಿ."

"ಹಂಗಾದ್ರ ಇನ್ನೊಂದ ಬರಿ."

"ಏನ ಬರೀಲ್ರಿ?"

"ನನ್ನ ಕೇಳಿ ಬರದ್ರ ಮತ್ತ ಬಾಯಿಪಾಠ ಆಗ್ತೈತಿ," ಎಂದು ಅತ್ತೆ ಪಾಟಿಯನ್ನು ನನ್ನ ಕಡೆ ತಳ್ಳಿ, ನೋಡಬಾರದೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕುಳಿತರು.